ಪಾಲಿಹೌಸ್‌ನ ಬಿಸಿಲು ಅಳೆಯಲು ಯಾವ ಸೆನ್ಸರ್ ಕೊಳ್ಳಬೇಕು?

ಏಪ್ರಿಲ್ ತಿಂಗಳ ಮಧ್ಯಾಹ್ನ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಪಾಲಿಹೌಸ್‌ಗಳಿಗೆ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಗಳಿಗೆ, ಹೋದರೆ ಹಲವು ಕಡೆ ನೆರಳು ಪರದೆ ಪೂರ್ತಿ ಎಳೆದಿರುತ್ತದೆ. ಸೆಕೆ ತಾಳಲಾರದೆ ಗಿಡ ಬಾಡುತ್ತಿದೆ, ಆದ್ದರಿಂದ ಎಳೆದಿದ್ದಾರೆ. ಅದು ಸರಿಯೇ. ಆದರೆ ಸಂಜೆ ನಾಲ್ಕಾದರೂ ಆ ಪರದೆ ಹಾಗೇ ಇರುತ್ತದೆ. ಮರುದಿನ ಮೋಡ ಕವಿದರೂ ಹಾಗೇ ಇರುತ್ತದೆ. ಕೆಲವು ಕಡೆ ಜುಲೈನ ಸೋನೆ ಮಳೆಯಲ್ಲೂ ಅದನ್ನು ಸರಿಸಿರುವುದಿಲ್ಲ. ಸೆಕೆಯಾದರೆ ಮೈಗೆ ತಿಳಿಯುತ್ತದೆ. ಬೆಳಕು ಅರ್ಧಕ್ಕೆ ಇಳಿದರೆ ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಕಣ್ಣಿನ ಪಾಪೆ ಹಿಗ್ಗಿ ಆ ಕೊರತೆಯನ್ನು ಮುಚ್ಚಿಹಾಕುತ್ತದೆ. ಗಿಡಕ್ಕೆ ಹಿಗ್ಗಿಸಿಕೊಳ್ಳಲು ಪಾಪೆಯಿಲ್ಲ. ಅದು ಹೂ ಉದುರಿಸುತ್ತದೆ, ಗೆಣ್ಣು ಉದ್ದ ಮಾಡಿಕೊಂಡು ಸೊರಗುತ್ತದೆ.

ಅದಕ್ಕಾಗಿಯೇ ಬೆಳಕನ್ನು ಅಳೆಯಬೇಕು. ಹತ್ತು ಗುಂಟೆಯ ದಪ್ಪ ಮೆಣಸಿನಕಾಯಿ ಪಾಲಿಹೌಸ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಸೆನ್ಸರ್ ಆಯ್ಕೆಯ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗುಲಾಬಿ, ಜರ್ಬೆರಾ ಬೆಳೆಯುವವರಿಗೂ ಕ್ರಮ ಇದೇ, ಬದಲಾಗುವುದು ಅಂಕಿಗಳು ಮಾತ್ರ.

ಮೊದಲ ಹೆಜ್ಜೆ: ಅಳೆದು ಏನು ಮಾಡುತ್ತೀರಿ?

ಅಂಗಡಿಗೆ ಹೋಗುವ ಮುನ್ನ ಈ ಪ್ರಶ್ನೆಗೆ ಒಂದು ಕಾಗದದ ಮೇಲೆ ಉತ್ತರ ಬರೆಯಿರಿ. ಬೆಳೆಗೆ ದಿನಕ್ಕೆ ಎಷ್ಟು ಬೆಳಕು ಸಿಗುತ್ತಿದೆ ಎಂದು ತಿಳಿಯಬೇಕೇ? ಪರದೆಯ ಮೋಟಾರನ್ನು ಬೆಳಕು ನೋಡಿ ಓಡಿಸಬೇಕೇ? ಮೇಲಿನ ಹಾಳೆ ದೂಳು ಹಿಡಿದು ಎಷ್ಟು ಮಬ್ಬಾಗಿದೆ ಎಂದು ನೋಡಬೇಕೇ? ಅಥವಾ ಬಿಸಿಲಿನ ಲೆಕ್ಕದಲ್ಲಿ ಹನಿ ನೀರು ಬಿಡಬೇಕೇ? ಪರದೆ ಓಡಿಸಲು ಶೇಕಡ 10ರಷ್ಟು ತಪ್ಪಿರುವ ಸೆನ್ಸರ್ ಕೂಡ ಸಾಕು. ಹಾಳೆಯ ಮಬ್ಬು ನೋಡಲು ಒಂದೇ ಜಾತಿಯ ಎರಡು ಸೆನ್ಸರ್ ಬೇಕು, ನಿಖರತೆ ಅಷ್ಟೊಂದು ಬೇಕಿಲ್ಲ. ನೀರಿನ ಲೆಕ್ಕಕ್ಕೆ ಬೇಕಾಗುವ ಉಪಕರಣವೇ ಬೇರೆ. ಈ ಪ್ರಶ್ನೆ ಕೇಳಿಕೊಳ್ಳದೆ ದುಬಾರಿ ಸೆನ್ಸರ್ ತಂದು, ಅದರ ಅಂಕಿಯನ್ನು ಮೊಬೈಲ್‌ನಲ್ಲಿ ನೋಡುವುದಕ್ಕಷ್ಟೇ ಬಳಸುವವರನ್ನು ಕಂಡು ನನಗೆ ಸಂಕಟವಾಗುತ್ತದೆ.

ಎರಡನೆಯ ಹೆಜ್ಜೆ: ಲಕ್ಸ್, ವ್ಯಾಟ್, ಮೈಕ್ರೋಮೋಲ್

ಬೆಳಕಿಗೆ ಮೂರು ಅಳತೆಗೋಲುಗಳಿವೆ. ಇವುಗಳ ನಡುವಿನ ಗೊಂದಲದಿಂದಲೇ ಹೆಚ್ಚಿನ ತಪ್ಪು ಖರೀದಿಗಳು ಆಗುತ್ತವೆ.

ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಚೆನ್ನಾಗಿ ಕಾಣುವುದು 555 ನ್ಯಾನೋಮೀಟರ್‌ನ ಹಸಿರು ಬೆಳಕನ್ನು. ಆದ್ದರಿಂದ ಲಕ್ಸ್ ಸೆನ್ಸರ್ ಹಸಿರಿಗೆ ಹೆಚ್ಚು ಬೆಲೆ ಕೊಟ್ಟು, ನೀಲಿ ಮತ್ತು ಕೆಂಪಿಗೆ ಕಡಿಮೆ ಬೆಲೆ ಕೊಡುತ್ತದೆ. ಗಿಡದ ಲೆಕ್ಕ ಹಾಗಿಲ್ಲ. 400ರಿಂದ 700 ನ್ಯಾನೋಮೀಟರ್ ನಡುವಿನ ಎಲ್ಲ ಬಣ್ಣಗಳನ್ನೂ ಎಲೆ ಆಹಾರ ತಯಾರಿಕೆಗೆ ಬಳಸುತ್ತದೆ, ನೀಲಿ ಮತ್ತು ಕೆಂಪನ್ನು ಚೆನ್ನಾಗಿಯೇ ಬಳಸುತ್ತದೆ. ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳ ಮೇಲೆ ಇದನ್ನು ಅಳೆದು 1972ರಲ್ಲಿ ಪ್ರಕಟಿಸಿದರು. ಈ ವ್ಯಾಪ್ತಿಯ ಬೆಳಕಿಗೆ ‘ಪಾರ್’ ಎಂಬ ಹೆಸರಿದೆ. ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಇಂಥ ಎಷ್ಟು ಬೆಳಕಿನ ಕಣಗಳು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಬೆಳೆಗಾರರಿಗೆ ನಿಜವಾಗಿ ಬೇಕಾದ ಅಂಕಿ ಇದು. ಇದನ್ನು ನೇರವಾಗಿ ಅಳೆಯುವ ಉಪಕರಣವನ್ನು ಕ್ವಾಂಟಮ್ ಸೆನ್ಸರ್ ಅಥವಾ ಪಾರ್ ಸೆನ್ಸರ್ ಎನ್ನುತ್ತಾರೆ. ಮೂರನೆಯದು ವ್ಯಾಟ್. ಕಣ್ಣಿಗೆ ಕಾಣದ ಅವಕೆಂಪು ಸೇರಿದಂತೆ ಬಿಸಿಲಿನ ಒಟ್ಟು ಶಕ್ತಿಯನ್ನು ಪೈರನೋಮೀಟರ್ ಈ ಲೆಕ್ಕದಲ್ಲಿ ಕೊಡುತ್ತದೆ.

ಸಂತೋಷದ ಸಂಗತಿಯೆಂದರೆ, ಬರಿಯ ಬಿಸಿಲಿನಲ್ಲಿ ಈ ಮೂರರ ನಡುವೆ ಸುಮಾರಾಗಿ ಸ್ಥಿರವಾದ ಸಂಬಂಧವಿದೆ. ಲಕ್ಸ್ ಅಂಕಿಯನ್ನು 54ರಿಂದ ಭಾಗಿಸಿದರೆ ಮೈಕ್ರೋಮೋಲ್ ಸಿಗುತ್ತದೆ. ವ್ಯಾಟ್ ಅಂಕಿಯನ್ನು 2ಕ್ಕಿಂತ ತುಸು ಹೆಚ್ಚಿನಿಂದ ಗುಣಿಸಿದರೂ ಅದೇ ಸಿಗುತ್ತದೆ. ಮಟಮಟ ಮಧ್ಯಾಹ್ನ ಬಯಲಿನಲ್ಲಿ ಸುಮಾರು 1,08,000 ಲಕ್ಸ್ ಇದ್ದರೆ ಅದು 2,000 ಮೈಕ್ರೋಮೋಲ್. ಆದ್ದರಿಂದ ಬಿಸಿಲನ್ನು ಮಾತ್ರ ನಂಬಿದ, ಬಿಳಿ ಹಾಳೆಯ ಪಾಲಿಹೌಸ್‌ಗೆ ಅಗ್ಗದ ಲಕ್ಸ್ ಸೆನ್ಸರ್ ಖಂಡಿತವಾಗಿ ಕೆಲಸ ಮಾಡುತ್ತದೆ.

ಎರಡು ಕಡೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಕೆಂಪು–ನೀಲಿ ಎಲ್‌ಇಡಿ ದೀಪದ ಕೆಳಗೆ ಲಕ್ಸ್ ಸೆನ್ಸರ್ ಗಿಡಕ್ಕೆ ಸಿಗುವ ಬೆಳಕನ್ನು ತೀರಾ ಕಡಿಮೆ ತೋರಿಸುತ್ತದೆ. ಹಸಿರು ಶೇಡ್ ನೆಟ್ ಕೆಳಗೆ, ಎಲೆಗಳ ಮರೆಯಲ್ಲಿ, ಉಳಿಯುವ ಬೆಳಕು ಹಸಿರಿನ ಕಡೆಗೆ ವಾಲುವುದರಿಂದ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಿಮ್ಮಲ್ಲಿ ದೀಪಗಳಿದ್ದರೆ ಅಥವಾ ಬಣ್ಣದ ಪರದೆಯಿದ್ದರೆ ಪಾರ್ ಸೆನ್ಸರ್ ಕೊಳ್ಳಿ, ಬೇರೆ ದಾರಿಯಿಲ್ಲ.

ಮೂರನೆಯ ಹೆಜ್ಜೆ: ದಿನದ ಮೊತ್ತ

ಆ ಕ್ಷಣದ ಅಂಕಿಗಿಂತ ಇಡೀ ದಿನದ ಮೊತ್ತ ಮುಖ್ಯ. ಇದಕ್ಕೆ ಡಿಎಲ್‌ಐ (ಡೈಲಿ ಲೈಟ್ ಇಂಟಿಗ್ರಲ್) ಎನ್ನುತ್ತಾರೆ, ಮಾಪನ ಮೋಲ್, ಅಂದರೆ ಹತ್ತು ಲಕ್ಷ ಮೈಕ್ರೋಮೋಲ್. ಹಗಲಿನ ಸರಾಸರಿ 400 ಮೈಕ್ರೋಮೋಲ್ ಇದ್ದು ಹಗಲು 12 ಗಂಟೆ ಇದ್ದರೆ, 400 ಗುಣಿಸು 43,200 ಸೆಕೆಂಡು, ಭಾಗಿಸು ಹತ್ತು ಲಕ್ಷ. ಉತ್ತರ ಸುಮಾರು 17 ಮೋಲ್. ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿ ಚೆನ್ನಾಗಿ ಫಸಲು ಕೊಡಲು ದಿನಕ್ಕೆ ಸುಮಾರು 20ರಿಂದ 30 ಮೋಲ್ ಬೇಕು. ಲೆಟ್ಯೂಸ್‌ಗೆ 12ರಿಂದ 17 ಸಾಕು. ಫಲನೋಪ್ಸಿಸ್ ಆರ್ಕಿಡ್‌ನಂಥ ನೆರಳಿನ ಗಿಡಗಳು ಹತ್ತಕ್ಕಿಂತ ಕಡಿಮೆಯಲ್ಲಿಯೇ ಸುಖವಾಗಿರುತ್ತವೆ.

ಈಗ ನಮ್ಮ ನೆಲದ ಲೆಕ್ಕ ಮಾಡೋಣ. ಕರ್ನಾಟಕದಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್‌ಗಿಂತ ತುಸು ಹೆಚ್ಚು ಬಿಸಿಲು ಬೀಳುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. 5 ಯೂನಿಟ್ ಎಂದರೆ 18 ಮೆಗಾಜೌಲ್, ಮೋಲ್‌ಗೆ ಪರಿವರ್ತಿಸಿದರೆ ಸುಮಾರು 37. ಹಾಳೆ, ಕಂಬ, ಮಳೆನೀರಿನ ಗಟರ್ ಎಲ್ಲ ತಡೆದು ಒಳಗೆ ಶೇಕಡ 65 ಬಂದರೂ 24 ಮೋಲ್ ಆಯಿತು, ಮೆಣಸಿನಕಾಯಿಗೆ ಸಾಕು. ಅದರ ಮೇಲೆ ಶೇಕಡ 50ರ ನೆರಳು ಪರದೆಯನ್ನು ದಿನವಿಡೀ ಎಳೆದಿಟ್ಟರೆ ಉಳಿಯುವುದು 12 ಮೋಲ್. ಲೆಟ್ಯೂಸ್‌ನ ಬೆಳಕಿನಲ್ಲಿ ಮೆಣಸಿನಕಾಯಿ ಬೆಳೆದಂತೆ. ಗೊಬ್ಬರ ಬದಲಿಸಿ, ಔಷಧಿ ಹೊಡೆದು, ಇಳುವರಿ ಏಕೆ ಬರುತ್ತಿಲ್ಲ ಎಂದು ಕೊರಗುವ ರೈತರಿಗೆ ಈ ಒಂದು ಗುಣಾಕಾರವನ್ನು ಮುಟ್ಟಿಸಬೇಕೆಂಬುದು ನನ್ನ ಆಸೆ.

ಹಾಗಾಗಿ ಸೆನ್ಸರ್ ಜೊತೆಗೆ ಅಂಕಿಗಳನ್ನು ಬರೆದಿಟ್ಟುಕೊಂಡು ಕೂಡಿಸುವ ವ್ಯವಸ್ಥೆಯೂ ಬೇಕು. ಕೈಯಲ್ಲಿ ಹಿಡಿಯುವ ಲಕ್ಸ್ ಮೀಟರ್ ದಿನಕ್ಕೆ ಎರಡು ಸಲ ನೋಡುವುದಕ್ಕೆ ಸರಿ, ದಿನದ ಮೊತ್ತಕ್ಕೆ ಬಾರದು.

ನಾಲ್ಕನೆಯ ಹೆಜ್ಜೆ: ಮಧ್ಯಾಹ್ನ ಸೋಲದ ಸೆನ್ಸರ್

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಗರಿಷ್ಠ ಮಿತಿ. ಕೋಣೆಯ ದೀಪ, ಮೊಬೈಲ್ ಪರದೆಗಳಿಗಾಗಿ ಮಾಡಿದ ಸೆನ್ಸರ್‌ಗಳು ನಮ್ಮ ಬಿಸಿಲಿಗೆ ಕೈಚೆಲ್ಲುತ್ತವೆ.

ನನ್ನ ಮೊದಲ ಸೆನ್ಸರ್ ಬಿಎಚ್ 1750. ಕೆಲವು ನೂರು ರೂಪಾಯಿಗೆ ಸಿಗುವ, ಎಲ್ಲರೂ ಬಳಸುವ ಲಕ್ಸ್ ಸೆನ್ಸರ್. ಮೊದಲ ದಿನದ ಗೆರೆ ಬೆಳಿಗ್ಗೆ ಚೆನ್ನಾಗಿ ಏರಿತು. ಹತ್ತು ಗಂಟೆಯ ಹೊತ್ತಿಗೆ 54,612 ತಲುಪಿ, ಮಧ್ಯಾಹ್ನ ಎರಡೂವರೆವರೆಗೆ ಮೇಜಿನಂತೆ ಚಪ್ಪಟೆಯಾಗಿ ನಿಂತಿತು. ಹಾಳೆ ಬೆಳಕನ್ನು ಹದವಾಗಿ ಹರಡುತ್ತಿದೆ ಎಂದು ಎರಡು ವಾರ ನಂಬಿಕೊಂಡಿದ್ದೆ. ನಿಜ ಸಂಗತಿ ಬೇರೆ. ಆ ಸೆನ್ಸರ್‌ನ ಎಣಿಕೆ 65,535ಕ್ಕೆ ಮುಗಿಯುತ್ತದೆ. ಅದನ್ನು 1.2ರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ 54,612. ದಿನದ ಅತ್ಯಂತ ಪ್ರಖರವಾದ ನಾಲ್ಕೂವರೆ ಗಂಟೆಯ ಬಿಸಿಲು ನನ್ನ ಲೆಕ್ಕಕ್ಕೆ ಪೂರ್ತಿ ಸೇರಿಯೇ ಇರಲಿಲ್ಲ. ನಿಮ್ಮ ಗೆರೆಯಲ್ಲಿ ಇದೇ ಸಂಖ್ಯೆ ಮತ್ತೆ ಮತ್ತೆ ಕಂಡರೆ ಕಾರಣ ಇದೇ ಎಂದು ತಿಳಿಯಿರಿ. ಪರಿಹಾರವೂ ಇದೆ. ಅದರ ಅಳತೆಯ ಕಾಲವನ್ನು ನಿಗದಿ ಮಾಡುವ ರಿಜಿಸ್ಟರ್‌ನಲ್ಲಿ (ಚಿಪ್ ಒಳಗಿನ ಹೊಂದಿಕೆಯ ಜಾಗದಲ್ಲಿ) 69 ಇರುತ್ತದೆ, ಅದನ್ನು 31ಕ್ಕೆ ಇಳಿಸಿದರೆ ಮಿತಿ ಒಂದು ಲಕ್ಷ ಲಕ್ಸ್ ದಾಟುತ್ತದೆ. ಹಾಗೆ ಮಾಡಿದಾಗ ಅಂಕಿಯನ್ನು 69/31ರಿಂದ ಗುಣಿಸಲು ಮರೆಯಬಾರದು, ಸೆನ್ಸರ್ ಓದುವ ಕೆಲವು ಸಿದ್ಧ ಪ್ರೋಗ್ರಾಂಗಳು (ಲೈಬ್ರರಿಗಳು) ಅದನ್ನು ತಾವೇ ಮಾಡುತ್ತವೆ.

ಟಿಎಸ್‌ಎಲ್ 2561ರ ಮಿತಿ 40,000 ಲಕ್ಸ್. ನಮ್ಮ ಬಿಸಿಲಿಗೆ ಅದು ಬೇಡವೇ ಬೇಡ. ಟಿಎಸ್‌ಎಲ್ 2591 ಸುಮಾರು 88,000ದವರೆಗೆ ಹೋಗುತ್ತದೆ. ಪಾಲಿಹೌಸ್ ಒಳಗೆ ನಡೆಯುತ್ತದೆ, ಹೊರಗೆ ಸಾಲದು. ವಿಇಎಂಎಲ್ 7700 ಸುಮಾರು 1,20,000 ಲಕ್ಸ್‌ವರೆಗೆ ಅಳೆಯಬಲ್ಲದು. ಹೆಚ್ಚು ಬೆಳಕಿನಲ್ಲಿ ಅದರ ಅಂಕಿ ಸ್ವಲ್ಪ ಬಾಗುವುದರಿಂದ ತಯಾರಕರು ಕೊಟ್ಟಿರುವ ತಿದ್ದುಪಡಿ ಸೂತ್ರವನ್ನು ಬಳಸಬೇಕು. ಬೆಳಕಿಗೆ ತಕ್ಕಂತೆ ವಿದ್ಯುತ್ ತಡೆ ಬದಲಾಗುವ ಎಲ್‌ಡಿಆರ್ ಅನ್ನು ಮಾತ್ರ ಮುಟ್ಟಬೇಡಿ. ಬೀದಿ ದೀಪ ಹೊತ್ತಿಸಲು ಅದು ಸಾಕು, ಆದರೆ ಬೆಳಕು ಇಮ್ಮಡಿಯಾದರೆ ಅದರ ಅಂಕಿ ಇಮ್ಮಡಿಯಾಗುವುದಿಲ್ಲ, ಒಂದೊಂದು ತುಂಡಿಗೂ ಒಂದೊಂದು ಸ್ವಭಾವ.

ಬೆಳಕನ್ನು ವಿದ್ಯುತ್ತಾಗಿಸುವ ಬಿಡಿ ಫೋಟೋಡಯೋಡ್ ತಂದು ಸ್ವಂತವಾಗಿ ಸೆನ್ಸರ್ ಮಾಡಲು ಹೊರಡುವವರಿಗೆ ಒಂದು ಎಚ್ಚರಿಕೆ. ಸುಲಭವಾಗಿ ಸಿಗುವ ಬಿಪಿಡಬ್ಲ್ಯು 34 ಡಯೋಡ್ ಅತಿ ಹೆಚ್ಚು ಸ್ಪಂದಿಸುವುದು 900 ನ್ಯಾನೋಮೀಟರ್‌ನ ಅವಕೆಂಪಿಗೆ. ಎಲೆ ಬಳಸದ ಬೆಳಕನ್ನೇ ಅದು ಎಣಿಸುತ್ತಿರುತ್ತದೆ. ಅವಕೆಂಪು ತಡೆಯುವ ಫಿಲ್ಟರ್ ಇಲ್ಲದೆ ಅದು ಪಾರ್ ಸೆನ್ಸರ್ ಆಗದು.

ಐದನೆಯ ಹೆಜ್ಜೆ: ಓರೆ ಬಿಸಿಲು

ಇದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಬೆಳಕು ನೆತ್ತಿಯಿಂದ 60 ಡಿಗ್ರಿ ಓರೆಯಾಗಿ ಬಿದ್ದರೆ ಸಮತಟ್ಟಾದ ನೆಲದ ಮೇಲೆ ಅದರ ತೀವ್ರತೆ ನಿಖರವಾಗಿ ಅರ್ಧವಾಗುತ್ತದೆ. ಒಳ್ಳೆಯ ಸೆನ್ಸರ್ ಕೂಡ ಅರ್ಧವನ್ನೇ ತೋರಿಸಬೇಕು. ಇದಕ್ಕೆ ಕೊಸೈನ್ ಸ್ಪಂದನೆ ಎನ್ನುತ್ತಾರೆ. ಬರಿಯ ಚಿಪ್ ಇದನ್ನು ಸರಿಯಾಗಿ ಪಾಲಿಸುವುದಿಲ್ಲ, ಎಳೆಬಿಸಿಲು ಮತ್ತು ಸಂಜೆ ಬಿಸಿಲನ್ನು ಕಡಿಮೆ ಎಣಿಸುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನವೂ 36 ಡಿಗ್ರಿಗಿಂತ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ. ಬೇಸಿಗೆಯಲ್ಲಿ ಸರಿ ಎನಿಸಿದ ಸೆನ್ಸರ್ ಚಳಿಗಾಲದಲ್ಲಿ ತಪ್ಪು ಹೇಳುವುದು ಹೀಗೆ. ಸೆನ್ಸರ್ ಮೇಲೆ ಬೆಳಕನ್ನು ಹರಡುವ ಹಾಲಿನ ಬಣ್ಣದ ಮುಚ್ಚಳ (ಡಿಫ್ಯೂಸರ್), ಸಾಧ್ಯವಾದರೆ ಟೆಫ್ಲಾನ್‌ನದು, ಇದೆಯೇ ಎಂದು ನೋಡಿ. ಪಾರದರ್ಶಕ ಗಾಜಿನ ಗುಮ್ಮಟ ನೀರನ್ನು ತಡೆಯುತ್ತದೆ, ಈ ಕೆಲಸ ಮಾಡುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಎರಡು ಗುಂಟೆಯ ಹವ್ಯಾಸದ ನೆರಳು ಮನೆಗೆ ವಿಇಎಂಎಲ್ 7700 ಅಥವಾ ಮಿತಿ ತಿದ್ದಿದ ಬಿಎಚ್ 1750, ಜೊತೆಗೆ ಅಂಕಿಗಳನ್ನು ಓದುವ ಪುಟ್ಟ ಕಂಪ್ಯೂಟರ್ ಆದ ಇಎಸ್‌ಪಿ 32 ಬೋರ್ಡ್ ಸಾಕು. ಬೆಸುಗೆ ಹಾಕಲು ಬರುವ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ಭಾನುವಾರದ ಕೆಲಸ.

ಹತ್ತು ಗುಂಟೆ ಮತ್ತು ಮೇಲ್ಪಟ್ಟ ವಾಣಿಜ್ಯ ಬೆಳೆಗೆ, ಮೊಹರು ಮಾಡಿದ ಡಬ್ಬಿಯಲ್ಲಿ ಬರುವ, 0ರಿಂದ 2,00,000 ಲಕ್ಸ್ ಮಿತಿಯ, ಆರ್‌ಎಸ್ 485 ಎಂಬ ದೂರದ ವೈರಿನ ಸಂಪರ್ಕವಿರುವ ಟ್ರಾನ್ಸ್‌ಮಿಟರ್‌ಗಳನ್ನು (ಅಂಕಿಯನ್ನು ವೈರಿನಲ್ಲಿ ಕಳಿಸುವ ಸೆನ್ಸರ್‌ಗಳನ್ನು) ನಾನು ಸೂಚಿಸುತ್ತೇನೆ. ಅದೇ ರೂಪದಲ್ಲಿ 65,535 ಲಕ್ಸ್ ಮಿತಿಯವೂ ಮಾರಾಟಕ್ಕಿವೆ, ಆದ್ದರಿಂದ ಆರ್ಡರ್ ಮಾಡುವಾಗ ಮಿತಿಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ದೀಪ ಅಥವಾ ಬಣ್ಣದ ಪರದೆಯಿರುವವರು, ಸಸಿ ಮಾರುವ ನರ್ಸರಿಗಳು, ಪ್ರಯೋಗ ಮಾಡುವವರು ಪಾರ್ ಸೆನ್ಸರ್‌ಗೆ ಹೋಗಬೇಕು. ಅಮೆರಿಕದ ಅಪೋಜಿ ಮತ್ತು ಲೈ–ಕಾರ್ ಈ ಕ್ಷೇತ್ರದಲ್ಲಿ ಎಲ್ಲರೂ ಹೋಲಿಕೆಗೆ ಬಳಸುವ ಹೆಸರುಗಳು. ಬೆಲೆ ಹತ್ತಾರು ಸಾವಿರ ರೂಪಾಯಿ. ಅಪೋಜಿಯಲ್ಲಿ ಎಸ್‌ಕ್ಯು 110 ಬಿಸಿಲಿಗೆಂದು ಹೊಂದಿಸಿದ್ದು, ಎಸ್‌ಕ್ಯು 500 ಸರಣಿ ಬಿಸಿಲು ಮತ್ತು ಎಲ್‌ಇಡಿ ಎರಡಕ್ಕೂ ಹೊಂದುವಂಥದ್ದು.

ತೆಂಗಿನ ನಾರಿನ ಮಾಧ್ಯಮದಲ್ಲಿ ಬೆಳೆದು ಬಿಸಿಲಿನ ಲೆಕ್ಕದಲ್ಲಿ ನೀರು ಬಿಡುವವರಿಗೆ ಪೈರನೋಮೀಟರ್ ಬೇಕು. ನೆದರ್ಲೆಂಡ್ಸ್‌ನ ಬೆಳೆಗಾರರು ಹೊರಗೆ ಬಿದ್ದ ಬಿಸಿಲನ್ನು ಚದರ ಸೆಂಟಿಮೀಟರಿಗೆ ಇಷ್ಟು ಜೌಲ್ ಎಂದು ಕೂಡಿಸುತ್ತಾ ಹೋಗಿ, ನಿಗದಿತ ಮೊತ್ತ ತುಂಬಿದಾಗ ಒಂದು ಸುತ್ತು ನೀರು ಬಿಡುತ್ತಾರೆ. ಮಣ್ಣಿನ ಮಡಿಯಲ್ಲಿ ಬೆಳೆಯುವವರಿಗೆ ಇದರ ತುರ್ತಿಲ್ಲ.

ಕೈಯಲ್ಲಿ ಸೀಮಿತ ಹಣವಿದ್ದರೆ ಒಂದು ದುಬಾರಿ ಸೆನ್ಸರ್‌ಗಿಂತ ಮೂರು ಅಗ್ಗದವನ್ನು ಆರಿಸಿ. ಏಕೆಂದರೆ ಪಾಲಿಹೌಸ್ ಒಳಗೆ ಬೆಳಕು ಎಲ್ಲ ಕಡೆ ಒಂದೇ ಇರುವುದಿಲ್ಲ, ಒಂದೇ ಬಿಂದುವಿನ ನಿಖರವಾದ ಅಂಕಿ ಇಡೀ ಹತ್ತು ಗುಂಟೆಯ ಬಗ್ಗೆ ಹೆಚ್ಚೇನೂ ಹೇಳಲಾರದು.

ಆರನೆಯ ಹೆಜ್ಜೆ: ವೈರು ಮತ್ತು ತೇವ

ಚಿಪ್ ಸೆನ್ಸರ್‌ಗಳು ಮಾತಾಡುವ ಐ2ಸಿ ಎಂಬ ಭಾಷೆ ಒಂದು ಮೀಟರ್ ಆಸುಪಾಸಿನ ವೈರಿಗೆ ಹೇಳಿದ್ದು. ಇಪ್ಪತ್ತು ಮೀಟರ್ ಎಳೆದರೆ ಅಂಕಿಗಳು ಹಾರುತ್ತವೆ, ಕೊನೆಗೆ ನಿಲ್ಲುತ್ತವೆ. ದೂರಕ್ಕೆ ಹೆಣೆದ ಜೋಡಿ ವೈರಿನ ಆರ್‌ಎಸ್ 485 ಬಳಸಿ, ಅದು ನೂರಾರು ಮೀಟರ್ ಹೋಗುತ್ತದೆ. ಪಾಲಿಹೌಸ್ ಒಳಗಿನ ಫಾಗರ್ ಮಂಜು, ಗಂಧಕದ ಹೊಗೆ, ತಾಮ್ರದ ಔಷಧಿಗಳು ತೆರೆದ ಬೋರ್ಡನ್ನು ಒಂದೇ ಮಳೆಗಾಲದಲ್ಲಿ ಹಸಿರುಗಟ್ಟಿಸುತ್ತವೆ. ದೂಳು, ನೀರು ತಡೆಯುವ ಐಪಿ 65 ಇಲ್ಲವೇ ಅದಕ್ಕಿಂತ ಮೇಲಿನ ರಕ್ಷಣೆ ಇರಲಿ. ವೈರು ಡಬ್ಬಿಯ ಕೆಳಗಿನಿಂದ ಒಳಹೋಗಲಿ.

ಏಳನೆಯ ಹೆಜ್ಜೆ: ಎಲ್ಲಿ ಕಟ್ಟುವುದು

ಒಂದು ಸೆನ್ಸರ್ ಹೊರಗೆ, ಮರ, ಕಟ್ಟಡ, ನೀರಿನ ಟ್ಯಾಂಕಿನ ನೆರಳು ದಿನವಿಡೀ ತಾಗದ ಜಾಗದಲ್ಲಿ. ಇನ್ನೆರಡು ಒಳಗೆ, ಬೆಳೆಯ ತುದಿಗಿಂತ ಒಂದಡಿ ಮೇಲೆ, ಗಿಡ ಬೆಳೆದಂತೆ ಏರಿಸಲು ಬರುವ ಹಗ್ಗ ಅಥವಾ ಕೊಳವೆಯ ಮೇಲೆ. ಗಟರ್‌ನ ನೇರ ಕೆಳಗೆ ಬೇಡ. ಒಂದನ್ನು ಗಟರ್‌ಗೆ ಹತ್ತಿರದ ಸಾಲಿನಲ್ಲಿ, ಇನ್ನೊಂದನ್ನು ಎರಡು ಗಟರ್‌ಗಳ ನಡುಮಧ್ಯದಲ್ಲಿ ಇಟ್ಟು ಸರಾಸರಿ ತೆಗೆದುಕೊಳ್ಳಿ. ಗಾರೆ ಕೆಲಸದವರ ರಸಮಟ್ಟ ತಂದು ಸೆನ್ಸರ್ ಸಮತಟ್ಟಾಗಿದೆಯೇ ನೋಡಿ. ಐದು ಡಿಗ್ರಿ ವಾಲಿದರೂ ಬೆಳಗಿನ ಮತ್ತು ಸಂಜೆಯ ಅಂಕಿಗಳು ಒಂದಕ್ಕೊಂದು ಸರಿತೂಗುವುದಿಲ್ಲ.

ಎಂಟನೆಯ ಹೆಜ್ಜೆ: ಪರೀಕ್ಷೆ

ಕಟ್ಟುವ ಮುನ್ನ ಎಲ್ಲ ಸೆನ್ಸರ್‌ಗಳನ್ನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು, ಮೋಡವಿಲ್ಲದ ಒಂದು ದಿನ ಬೆಳಗಿನಿಂದ ಸಂಜೆವರೆಗೆ ಬಿಸಿಲಿಗೆ ಬಿಡಿ. ನೆರೆಯವರಲ್ಲಿ ಅಥವಾ ಹತ್ತಿರದ ಕೃಷಿ ಕಾಲೇಜಿನಲ್ಲಿ ಪಾರ್ ಮೀಟರ್ ಇದ್ದರೆ ಒಂದು ದಿನಕ್ಕೆ ಕೇಳಿ ತಂದು ಜೊತೆಗಿಡಿ. ಗಂಟೆಗೊಮ್ಮೆ ನಿಮ್ಮ ಅಂಕಿಯನ್ನು ಅದರ ಅಂಕಿಯಿಂದ ಭಾಗಿಸಿ ಬರೆಯಿರಿ. ಭಾಗಲಬ್ಧ ದಿನವಿಡೀ ಒಂದೇ ಇದ್ದರೆ ಆ ಸಂಖ್ಯೆಯೇ ನಿಮ್ಮ ತಿದ್ದುಪಡಿ, ನಿಮ್ಮ ಅಂಕಿಗಳನ್ನು ಅದರಿಂದ ಭಾಗಿಸಿದರಾಯಿತು, ಚಿಂತೆ ಬೇಡ. ಮಧ್ಯಾಹ್ನ ಮಾತ್ರ ಕುಸಿದರೆ ಸೆನ್ಸರ್ ಮಿತಿ ಮುಟ್ಟಿದೆ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಕುಸಿದರೆ ಡಿಫ್ಯೂಸರ್ ಸರಿಯಿಲ್ಲ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆದರೆ ಹಲಗೆ ವಾಲಿದೆ. ಈ ಒಂದು ದಿನದ ಕೂಲಿ ದುಬಾರಿ ಎನಿಸಬಹುದು, ಆದರೆ ಇಷ್ಟನ್ನು ಇನ್ನಾವ ದಾರಿಯಿಂದಲೂ ಇಷ್ಟು ಅಗ್ಗವಾಗಿ ತಿಳಿಯಲಾಗದು.

ಅಂಕಿಗಳನ್ನು ಕೆಲಸಕ್ಕೆ ಹಚ್ಚುವುದು

ಒಳಗಿನ ದಿನದ ಮೊತ್ತವನ್ನು ಹೊರಗಿನ ಮೊತ್ತದಿಂದ ಭಾಗಿಸಿ ವಾರಕ್ಕೊಮ್ಮೆ ಬರೆದಿಡಿ. ಪರದೆ ತೆರೆದಿದ್ದ ದಿನಗಳನ್ನು ಮಾತ್ರ ಹೋಲಿಸಬೇಕು. ಹೊಸ ಹಾಳೆಯಲ್ಲಿ 0.70 ಇದ್ದದ್ದು ದೂಳಿನ ತಿಂಗಳುಗಳಲ್ಲಿ 0.58ಕ್ಕೆ ಇಳಿದಿದ್ದರೆ ಹಾಳೆ ತೊಳೆಯುವ ಕಾಲ ಬಂದಿದೆ. ರಸ್ತೆ ಬದಿಯ, ಕ್ವಾರಿ ಪಕ್ಕದ ಪಾಲಿಹೌಸ್‌ಗಳಲ್ಲಿ ಈ ಇಳಿತ ಬೇಗ ಕಾಣುತ್ತದೆ. ತೊಳೆದ ಮೇಲೂ ಮೇಲೇರದಿದ್ದರೆ ಹಾಳೆಯೇ ಹಳತಾಗಿದೆ. ನನ್ನ ಮಟ್ಟಿಗೆ, ಹಾಕಿದ ಹಣವನ್ನು ಸೆನ್ಸರ್ ಮರಳಿಸುವುದು ಈ ಒಂದು ಭಾಗಾಕಾರದಿಂದಲೇ.

ಪರದೆಯ ಮೋಟಾರಿಗೆ ಒಂದೇ ಮಿತಿ ಕೊಡಬೇಡಿ. ಚದುರಿದ ಮೋಡಗಳ ದಿನ ಅದು ನಿಮಿಷಕ್ಕೊಮ್ಮೆ ಓಡಿ ಸುಟ್ಟುಹೋಗುತ್ತದೆ. ಹದಿನೈದು ನಿಮಿಷದ ಸರಾಸರಿ ತೆಗೆದುಕೊಂಡು, ಉದಾಹರಣೆಗೆ, 1,000 ಮೈಕ್ರೋಮೋಲ್ ದಾಟಿದಾಗ ಮುಚ್ಚಲಿ, 700ಕ್ಕಿಂತ ಇಳಿದಾಗ ತೆರೆಯಲಿ. ಜೊತೆಗೆ ಉಷ್ಣಾಂಶದ ಷರತ್ತೂ ಇರಲಿ, ಏಕೆಂದರೆ ತಂಪಾದ ಜನವರಿಯ ಪ್ರಖರ ಬಿಸಿಲು ಗಿಡಕ್ಕೆ ಹಬ್ಬ. ಪರದೆಯ ಮೇಲಿನ ಬೆಳಕು ನೋಡಿ ಮುಚ್ಚುತ್ತೀರೋ ಕೆಳಗಿನದನ್ನು ನೋಡಿಯೋ ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಿ. ಕೆಳಗಿನ ಸೆನ್ಸರ್‌ಗೆ ಕಟ್ಟಿದರೆ ಪರದೆ ಮುಚ್ಚಿದ ಕೂಡಲೇ ಬೆಳಕು ಇಳಿದು, ಪರದೆ ಮತ್ತೆ ತೆರೆದುಕೊಳ್ಳುತ್ತದೆ. ಹೊರಗಿನ ಸೆನ್ಸರ್‌ಗೇ ಕಟ್ಟಿ, ಮಿತಿಯನ್ನು ಅದಕ್ಕೆ ತಕ್ಕಂತೆ ಏರಿಸಿ.

ಕೊನೆಯದಾಗಿ ಶುಚಿ. ಬೋರ್‌ವೆಲ್‌ನ ಗಡಸು ನೀರಿನ ಫಾಗರ್ ಇರುವಲ್ಲಿ ಸೆನ್ಸರ್ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಅದನ್ನು ಕೆರೆಯಬೇಡಿ, ಮೆತ್ತನೆಯ ಬಟ್ಟೆಗೆ ವಿನಿಗರ್ ಹಚ್ಚಿ ಒರೆಸಿ, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ. ವಾರಕ್ಕೊಮ್ಮೆ ದೂಳು, ಹಕ್ಕಿಯ ಹಿಕ್ಕೆ, ಜೇಡರ ಬಲೆ ನೋಡಿ. ಒರೆಸುವ ಮುನ್ನ ಮತ್ತು ಒರೆಸಿದ ಮೇಲಿನ ಅಂಕಿಯನ್ನು ಬರೆದುಕೊಳ್ಳಿ, ಎಷ್ಟು ದಿನಕ್ಕೊಮ್ಮೆ ಒರೆಸಬೇಕು ಎಂಬುದು ಆ ವ್ಯತ್ಯಾಸದಿಂದಲೇ ಗೊತ್ತಾಗುತ್ತದೆ. ಅಕ್ಕಪಕ್ಕದ ಹಲಗೆ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಮುಂಗಾರು ಮುಗಿದ ಮೇಲೆ ಆಕಾಶ ತಿಳಿಯಾದಾಗ ಮತ್ತೆ ಮಾಡಿ, ಆ ದಿನಾಂಕವನ್ನೂ ತಿದ್ದುಪಡಿ ಸಂಖ್ಯೆಯನ್ನೂ ಅಳಿಯದ ಮಸಿಯಲ್ಲಿ ಸೆನ್ಸರ್‌ನ ತಳಕ್ಕೆ ಬರೆದಿಡಿ.